ಡ್ರಾ ಆಗಬೇಕಿದ್ದ ಆಟ ಮೂರು ಸಲ ಕೈಜಾರಿದ್ದು ಹೇಗೆ?

ಪ್ರಶ್ನೆ (ಪತ್ರದ ಸಂಗ್ರಹ): ನಾನು ಹಾಸನ ಜಿಲ್ಲೆಯ ಪ್ರೌಢಶಾಲಾ ಶಿಕ್ಷಕ, ವಯಸ್ಸು 43. ಕಾಲೇಜಿನ ನಂತರ ಬಿಟ್ಟಿದ್ದ ಚೆಸ್ಸನ್ನು ಕೆಲವು ವರ್ಷಗಳಿಂದ ಮತ್ತೆ ಆಡುತ್ತಿದ್ದೇನೆ. ಹೆಚ್ಚಿನ ಆಟ ಮೊಬೈಲಿನಲ್ಲಿ, ವರ್ಷಕ್ಕೆ ಮೂರು ನಾಲ್ಕು ಟೂರ್ನಿ. ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗ್ 1560. ಕಳೆದ ತಿಂಗಳು ಒಂದು ಟೂರ್ನಿಯಲ್ಲಿ 1760 ರೇಟಿಂಗಿನ, ಹದಿಮೂರು ವರ್ಷದ ಹುಡುಗನೊಬ್ಬನ ಎದುರು ಕಪ್ಪು ಕಾಯಿಗಳಲ್ಲಿ ಆಡಿದೆ. ತಲಾ 90 ನಿಮಿಷ, ಪ್ರತಿ ನಡೆಗೆ 30 ಸೆಕೆಂಡು ಸೇರ್ಪಡೆ. ನಡುವೆ ಒಂದು ಪದಾತಿ ಕಳೆದುಕೊಂಡೆ. ಕೊನೆಗೆ ಅವನಿಗೆ ರಾಜ, ಆನೆ, ಒಂದು ಪದಾತಿ ಉಳಿದವು. ನನಗೆ ರಾಜ ಮತ್ತು ಆನೆ. ಇಬ್ಬರೂ ಆನೆಗಳನ್ನು ಅತ್ತಿತ್ತ ಆಡಿಸುತ್ತಿದ್ದಾಗ ಒಂದೇ ಸ್ಥಿತಿ ಮೂರನೇ ಸಲ ಬಂತು. ನಾನು ನಡೆ ಮುಗಿಸಿ, ಗಡಿಯಾರ ಒತ್ತಿ, ಡ್ರಾ ಎಂದೆ. ಹುಡುಗ ಒಪ್ಪಲಿಲ್ಲ. ತೀರ್ಪುಗಾರರನ್ನು ಕರೆದರೆ ಅವರು ಆಟ ಮುಂದುವರಿಸಿ ಎಂದರು. ಹತ್ತೇ ನಡೆಗಳಲ್ಲಿ ಸೋತೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಅದು 65ನೇ ನಡೆಯವರೆಗೂ ಸೊನ್ನೆ, ಅಂದರೆ ಸಮಬಲ, ಎಂದೇ ತೋರಿಸುತ್ತದೆ. ಆದರೆ ನಾನು ಎಡವಿದ್ದು 63ರಲ್ಲಿ ಎಂದು ಗೆಳೆಯರು ಹೇಳುತ್ತಾರೆ. ತೀರ್ಪು ಸರಿಯೇ? ಮೇಲ್ಮನವಿ ಸಲ್ಲಿಸಬಹುದಿತ್ತೇ? ಹುಡುಗನ ತಂದೆ ಬಾಗಿಲ ಬಳಿ ನಿಂತಿದ್ದರು. ಸನ್ನೆ ಮಾಡಿದರೇನೋ ಎಂಬ ಅನುಮಾನವೂ ಕಾಡುತ್ತಿದೆ. ಈ ವಯಸ್ಸಿನಲ್ಲಿ ಮಕ್ಕಳ ಎದುರು ನಾಲ್ಕು ತಾಸಿನ ಆಟ ಆಡುವುದೇ ಮೂರ್ಖತನವೇ? ಬ್ಲಿಟ್ಜ್ (ತಲಾ ಕೆಲವೇ ನಿಮಿಷಗಳ ವೇಗದ ಆಟ) ಆಡಿಕೊಂಡು ಸುಮ್ಮನಿರಲೇ? ನಡೆಗಳನ್ನು ಬರೆದಿಟ್ಟ ಸ್ಕೋರ್‌ಶೀಟಿನ ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಸ್ಕೋರ್‌ಶೀಟನ್ನು ಬೋರ್ಡಿನ ಮೇಲೆ ಆಡಿಸಿ ನೋಡಿದೆ. ಅಕ್ಷರ ಚೆನ್ನಾಗಿದೆ, 63ನೇ ನಡೆಯ ನಂತರ ಮಾತ್ರ ಕೈ ನಡುಗಿದಂತಿದೆ. ನಿಮ್ಮ ಪ್ರಶ್ನೆಗಳು ನಾಲ್ಕೈದಿದ್ದರೂ ಒಳಗಿನ ಚಿಂತೆ ಒಂದೇ: ಈ ಸೋಲು ನಿಯಮದ್ದೋ, ಎದುರಾಳಿಯದೋ, ವಯಸ್ಸಿನದೋ? ಮೂರೂ ಅಲ್ಲ. ಈ ಆಟದಲ್ಲಿ ಡ್ರಾ ನಿಮ್ಮ ಕೈಗೆ ಮೂರು ಸಲ ಬಂದಿತ್ತು. ಮೂರು ಸಲವೂ ಅದನ್ನು ಹಿಡಿಯಲು ಬೇಕಿದ್ದದ್ದು ಪ್ರತಿಭೆಯಲ್ಲ, ಒಂದು ಸಂಜೆಯಲ್ಲಿ ಕಲಿಯಬಹುದಾದಷ್ಟು ತಿಳಿವಳಿಕೆ.

ಮೊದಲು ತೀರ್ಪಿನ ವಿಷಯ. ತೀರ್ಪುಗಾರರು ಮಾಡಿದ್ದು ಸರಿ. ನಾನೂ ಆ ಕುರ್ಚಿಯಲ್ಲಿ ಕುಳಿತವನು. ಅಲ್ಲಿದ್ದರೆ ಅದನ್ನೇ ಹೇಳುತ್ತಿದ್ದೆ. ಮೂರು ಸಲ ಸ್ಥಿತಿ ಬಂದ ಕೂಡಲೇ ಆಟ ತಾನಾಗಿ ಡ್ರಾ ಆಗುತ್ತದೆ ಎಂಬುದು ನಮ್ಮ ಹವ್ಯಾಸಿಗಳಲ್ಲಿ ಬಹಳ ಗಟ್ಟಿಯಾಗಿ ಕೂತಿರುವ ತಪ್ಪು ಕಲ್ಪನೆ. ಕೆಲವು ಆನ್‌ಲೈನ್ ತಾಣಗಳಲ್ಲಿ ನಿಜವಾಗಿಯೂ ಹಾಗೆ ಆಗುವುದರಿಂದ ಅದು ಇನ್ನಷ್ಟು ಬೇರು ಬಿಟ್ಟಿದೆ. ಟೂರ್ನಿ ಬೋರ್ಡಿನಲ್ಲಿ ಮೂರನೇ ಪುನರಾವರ್ತನೆ ಒಂದು ಹಕ್ಕು ಮಾತ್ರ. ಅದನ್ನು ಕೇಳಿ ಪಡೆಯಬೇಕು, ಕೇಳುವವರ ಸರದಿ ಇರುವಾಗಲೇ ಕೇಳಬೇಕು. ನೀವು ಗಡಿಯಾರ ಒತ್ತಿದ ಕ್ಷಣಕ್ಕೆ ಸರದಿ ಹುಡುಗನದಾಯಿತು. ಆ ಸ್ಥಿತಿಯ ಮೇಲೆ ಡ್ರಾ ಕೇಳುವ ಹಕ್ಕು ಈಗ ಅವನದು. ಗೆಲ್ಲಲು ಹೊರಟವನು ಅದನ್ನೇಕೆ ಬಳಸುತ್ತಾನೆ?

ಸರಿಯಾದ ಕ್ರಮಗಳು ಎರಡು. ಎದುರಾಳಿ ಈಗಷ್ಟೇ ಆಡಿದ ನಡೆಯಿಂದ ಸ್ಥಿತಿ ಮೂರನೇ ಸಲ ಬಂದಿದ್ದರೆ, ನೀವು ಯಾವ ಕಾಯಿಯನ್ನೂ ಮುಟ್ಟದೆ ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಬೇಕು. ಕಾಯಿ ಮುಟ್ಟಿದರೆ ಆ ನಡೆಯ ಮಟ್ಟಿಗೆ ಹಕ್ಕು ಹೋಯಿತು. ನೀವು ಆಡಲಿರುವ ನಡೆಯಿಂದ ಮೂರನೇ ಸಲ ಬರುವುದಿದ್ದರೆ, ಆ ನಡೆಯನ್ನು ಬೋರ್ಡಿನ ಮೇಲೆ ಆಡದೆ ಸ್ಕೋರ್‌ಶೀಟಿನಲ್ಲಿ ಬರೆದು, ಇದನ್ನು ಆಡಲಿದ್ದೇನೆ, ಡ್ರಾ ಕೇಳುತ್ತಿದ್ದೇನೆ ಎಂದು ತೀರ್ಪುಗಾರರಿಗೆ ಹೇಳಬೇಕು. ಬರೆದ ಮೇಲೆ ಬದಲಿಸುವಂತಿಲ್ಲ. ಸಾಮಾನ್ಯವಾಗಿ ಆಡುವ ಮೊದಲೇ ನಡೆಯನ್ನು ಬರೆದಿಡುವುದು ನಿಷಿದ್ಧ. ಡ್ರಾ ಕೇಳುವಾಗ ಮಾತ್ರ ಅದಕ್ಕೆ ಅವಕಾಶ. ಶಿಸ್ತಿನ ಆಟಗಾರರು ಇಲ್ಲಿಯೇ ಎಡವುವುದು ಹೆಚ್ಚು, ಏಕೆಂದರೆ ಮೊದಲು ಆಡು, ಆಮೇಲೆ ಬರೆ ಎಂಬುದು ಅವರ ಕೈಗೆ ಅಂಟಿಕೊಂಡಿರುತ್ತದೆ. ಪುನರಾವರ್ತನೆ ಬೆನ್ನುಬೆನ್ನಿಗೆ ಬರಬೇಕೆಂದೂ ಇಲ್ಲ. ಕಾಯಿಗಳು ಅದೇ ಮನೆಗಳಲ್ಲಿದ್ದು, ಸರದಿ ಅದೇ ಬಣ್ಣದ್ದಾಗಿದ್ದು, ಸಾಧ್ಯವಿರುವ ನಡೆಗಳೂ ಅವೇ ಆಗಿದ್ದರೆ ಸಾಕು.

ಕೇಳಿದ್ದು ತಪ್ಪೆಂದು ಕಂಡುಬಂದರೆ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರುತ್ತದೆ, ಆಟ ಮುಂದುವರಿಯುತ್ತದೆ. ಹಾಗಾಗಿ ಎಣಿಸದೆ ಅಂದಾಜಿನ ಮೇಲೆ ಕೇಳಬೇಡಿ. ಯಾರೂ ಕೇಳದೆ ತೀರ್ಪುಗಾರರೇ ಆಟ ನಿಲ್ಲಿಸುವುದು ಒಂದೇ ಸ್ಥಿತಿ ಐದು ಸಲ ಬಂದಾಗ, ಇಲ್ಲವೇ ಪದಾತಿ ನಡೆಯಾಗಲಿ ಹೊಡೆತವಾಗಲಿ ಇಲ್ಲದೆ ಎರಡೂ ಕಡೆಯವರು 75 ನಡೆ ಆಡಿದಾಗ. ಅಂಥ 50 ನಡೆ ಆದಾಗಲೂ ಡ್ರಾ ಕೇಳಬಹುದು, ಆದರೆ ಮೂರು ಮತ್ತು ಐದರ ನಡುವೆ, 50 ಮತ್ತು 75ರ ನಡುವೆ, ಅವರು ನೋಡುತ್ತ ನಿಂತಿರುತ್ತಾರೆ ಅಷ್ಟೇ. ಅದು ಉದಾಸೀನವಲ್ಲ, ನಿಯಮ ಅವರಿಂದ ಬಯಸುವುದೇ ಅದನ್ನು.

ಈಗ ನೀವು ಗಮನಿಸದೇ ಹೋದ ಸಂಗತಿ. ನಿಮ್ಮ ಸ್ಕೋರ್‌ಶೀಟಿನ ಪ್ರಕಾರ 58, 60, 62ನೇ ನಡೆಗಳಲ್ಲಿ ನಿಮ್ಮ ಆನೆ ಎ6ಕ್ಕೆ (ಎ ಉದ್ದಸಾಲಿನ ಆರನೇ ಮನೆಗೆ) ಬಂತು. ನೀವು ಎಣಿಸಿದ್ದು ಈ ಮೂರನ್ನು, ಎಣಿಕೆ ಸರಿಯಾಗಿಯೇ ಇದೆ. ಆದರೆ ಹುಡುಗನ ಆನೆ 59ರಲ್ಲಿ ಎಚ್7ರಿಂದ ಬಿ7ಕ್ಕೆ ಹೋಯಿತು, 61ರಲ್ಲಿ ಹಾಗೆಯೇ, ತೀರ್ಪುಗಾರರು ಹಿಂದಿರುಗಿದ ಮೇಲೆ 63ರಲ್ಲೂ ಹಾಗೆಯೇ! ಅಂದರೆ ಬಿಳಿಯ ಆನೆ ಬಿ7ರಲ್ಲಿ, ನಿಮ್ಮದು ಎ6ರಲ್ಲಿ, ಸರದಿ ಕಪ್ಪಿನದು: ಈ ಸ್ಥಿತಿಯೂ ಆಗ ಮೂರನೇ ಸಲ ಬಂದಿತ್ತು. ಬೇಡಿಕೆ ತಿರಸ್ಕೃತವಾದ ಮರುನಡೆಯಲ್ಲೇ ನಿಮಗೆ ಅಪ್ಪಟ, ಪ್ರಶ್ನಾತೀತ ಹಕ್ಕು ಇತ್ತು. ಏನನ್ನೂ ಮುಟ್ಟದೆ ಕೈ ಎತ್ತಿದ್ದರೆ ಸಾಕಿತ್ತು. ಅದೇ ತೀರ್ಪುಗಾರರು ಬಂದು ಅರ್ಧ ಅಂಕ ಬರೆದುಕೊಂಡು ಹೋಗುತ್ತಿದ್ದರು.

ಏಕೆ ಕಾಣಲಿಲ್ಲ? ನಿಮ್ಮ ಪತ್ರದಲ್ಲಿ ‘ಹುಡುಗ ತಲೆ ಕೂಡ ಎತ್ತಲಿಲ್ಲ’ ಎಂದು ಬರೆದಿದ್ದೀರಿ. ಆ ಹೊತ್ತಿನಲ್ಲಿ ನೀವು ಆಡುತ್ತಿದ್ದದ್ದು ಬೋರ್ಡಿನ ಜತೆಗಲ್ಲ, ಆ ತಲೆ ಎತ್ತದ ಹುಡುಗನ ಜತೆಗೆ. ವಿವಾದವೊಂದು ಮುಗಿದ ನಂತರದ ಎರಡು ಮೂರು ನಡೆಗಳಲ್ಲಿ ಸೋತವರ ಆಟ ಕುಸಿಯುವುದನ್ನು ತೀರ್ಪುಗಾರರು ಪದೇ ಪದೇ ನೋಡುತ್ತೇವೆ. ಒಮ್ಮೆ ತಿರಸ್ಕೃತವಾದರೆ ಇನ್ನು ಕೇಳುವಂತಿಲ್ಲ ಎಂಬ ಸಂಕೋಚವೂ ಸೇರಿಕೊಳ್ಳುತ್ತದೆ. ಅಂಥ ನಿಯಮ ಇಲ್ಲ. ವಿನಾಕಾರಣ ಪದೇ ಪದೇ ಕರೆದು ಎದುರಾಳಿಗೆ ಕಿರಿಕಿರಿ ಮಾಡಿದರೆ ತೀರ್ಪುಗಾರರು ದಂಡಿಸಬಹುದು, ಆದರೆ ಹೊಸ ಆಧಾರವಿರುವ ಹೊಸ ಬೇಡಿಕೆಯನ್ನು ಅವರು ಪರಿಶೀಲಿಸಲೇಬೇಕು.

ಮೇಲ್ಮನವಿಯ ಮಾತು ಇಲ್ಲಿಗೇ ಮುಗಿಯಿತು. ತೀರ್ಪು ಸರಿಯಾಗಿದ್ದ ಮೇಲೆ ಮನವಿಗೆ ಆಧಾರವಿಲ್ಲ. ಸೋತ ಮೇಲೆ ಇಬ್ಬರೂ ಸ್ಕೋರ್‌ಶೀಟಿಗೆ ಸಹಿ ಹಾಕಿದ್ದೀರಿ. ತಂದೆಯ ಸನ್ನೆಯ ಅನುಮಾನವನ್ನೂ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಸನ್ನೆ ಸಿಗುತ್ತಿದ್ದವನು 63ರಲ್ಲಿ ಮತ್ತೆ ಬಿ7ಕ್ಕೆ ಹೋಗಿ ನಿಮ್ಮ ಕೈಗೆ ಡ್ರಾ ಒಪ್ಪಿಸುತ್ತಿರಲಿಲ್ಲ. ಆ ನಡೆ ಹದಿಮೂರು ವರ್ಷದ ಹುಡುಗನ ನಿಷ್ಕಪಟ ಅಜಾಗರೂಕತೆ. ಮುಂದೆ ಎಂದಾದರೂ ನಿಜವಾಗಿ ಅನುಮಾನ ಬಂದರೆ ಆಟ ನಡೆಯುತ್ತಿರುವಾಗಲೇ ತೀರ್ಪುಗಾರರಿಗೆ ತಿಳಿಸಿ. ಅವರು ಆ ವ್ಯಕ್ತಿಯನ್ನು ದೂರ ಸರಿಸುತ್ತಾರೆ.

ಇನ್ನು ಆಟದ ತಿರುಳಿಗೆ ಬರೋಣ. ನಿಮ್ಮ 63ನೇ ನಡೆಗೆ ಮುಂಚಿನ ಸ್ಥಿತಿ ಹೀಗಿದೆ. ಬಿಳಿ ರಾಜ ಡಿ5, ಪದಾತಿ ಇ5, ಆನೆ ಬಿ7. ನಿಮ್ಮ ರಾಜ ಇ8, ಆನೆ ಎ6. ಇದು ಚೆಸ್ ಲೋಕದ ಅತಿ ಪ್ರಸಿದ್ಧ ರಕ್ಷಣೆಗಳಲ್ಲಿ ಒಂದು. 18ನೇ ಶತಮಾನದ ಫ್ರೆಂಚ್ ಸಂಗೀತ ಸಂಯೋಜಕ, ತನ್ನ ಕಾಲದ ದೊಡ್ಡ ಚೆಸ್ ಆಟಗಾರ ಫಿಲಿಡೋರನ ಹೆಸರಿನಲ್ಲಿದೆ. ನಿಮ್ಮ ಆನೆ ಆರನೇ ಅಡ್ಡಸಾಲಿನಲ್ಲಿ ನಿಂತು ಬೇಲಿ ಹಾಕಿದೆ. ಬಿಳಿ ರಾಜ ಅದನ್ನು ದಾಟಿ ನಿಮ್ಮ ರಾಜನ ಹತ್ತಿರ ಬರಲಾರ. ಬೇಲಿ ಮುರಿಯಲು ಬಿಳಿಗೆ ಇರುವ ದಾರಿ ಪದಾತಿಯನ್ನು ಇ6ಕ್ಕೆ ತಳ್ಳುವುದು. ತಳ್ಳಿದ ಕೂಡಲೇ ನೀವು ಆನೆಯನ್ನು ಕೆಳಗೆ ಎ1ಕ್ಕೆ ಒಯ್ದು ಹಿಂದಿನಿಂದ ಚೆಕ್ ಕೊಡತೊಡಗಬೇಕು. ರಾಜ ಅಡಗಿಕೊಳ್ಳಬಹುದಾಗಿದ್ದ ಇ6 ಮನೆಯಲ್ಲಿ ಈಗ ಅವನದೇ ಪದಾತಿ ಕೂತಿದೆ. ಅಡಗುವ ಜಾಗವಿಲ್ಲ, ಚೆಕ್ಕುಗಳು ನಿಲ್ಲುವುದಿಲ್ಲ, ಡ್ರಾ.

ಇಡೀ ಗುಟ್ಟು ಅನುಕ್ರಮದಲ್ಲಿದೆ. ಪದಾತಿ ಮೊದಲು ಇ6ಕ್ಕೆ ಹೋಗಬೇಕು, ಆಮೇಲೆ ನಿಮ್ಮ ಆನೆ ಕೆಳಗಿಳಿಯಬೇಕು. ಅಲ್ಲಿಯವರೆಗೆ ಎ6, ಜಿ6, ಮತ್ತೆ ಎ6 ಎಂದು ಸುಮ್ಮನೆ ಓಡಾಡುವುದೇ ಆಟ. ‘ಆನೆ ಕೆಲಸವಿಲ್ಲದೆ ಕೂತಿದೆ, ಏನಾದರೂ ಮಾಡಬೇಕು ಅನ್ನಿಸಿತು’ ಎಂದಿದ್ದೀರಿ. ಈ ಅನ್ನಿಸಿಕೆ ಹವ್ಯಾಸಿಗಳನ್ನು ಕೆಡಿಸಿದಷ್ಟು ಬೇರಾವ ಓಪನಿಂಗ್ (ಆಟದ ಆರಂಭದ ನಡೆಗಳ) ಬಲೆಯೂ ಕೆಡಿಸಿಲ್ಲ. 63ರಲ್ಲಿ ನೀವು ಪದಾತಿ ಕದಲುವ ಮೊದಲೇ ಆನೆಯನ್ನು ಎ1ಕ್ಕೆ ಇಳಿಸಿದಿರಿ. ಹುಡುಗ ತಕ್ಷಣ ತನ್ನ ಆನೆಯನ್ನು ಬಿ6ಕ್ಕೆ ತಂದ. ಆರನೇ ಸಾಲು ಈಗ ಅವನದು. ನೀವು ಎ6ಕ್ಕೆ ಮರಳಿ ಚೆಕ್ ಕೊಡುವ ದಾರಿಯೂ ಮುಚ್ಚಿತು.

ಹಾಗಾದರೆ ಗೆಳೆಯರ ಮಾತು ನಿಜವೇ, ಕಂಪ್ಯೂಟರ್ ಏಕೆ ಇನ್ನೂ ಸೊನ್ನೆ ಎನ್ನುತ್ತದೆ? ಇಬ್ಬರೂ ಸರಿ. ಬೋರ್ಡಿನಲ್ಲಿ ರಾಜರೂ ಸೇರಿ ಐದೇ ಕಾಯಿಗಳಿವೆ. ಏಳು ಕಾಯಿಗಳವರೆಗಿನ ಸ್ಥಿತಿಗಳನ್ನು ಕಂಪ್ಯೂಟರುಗಳು ಕೊನೆಯ ನಡೆಯವರೆಗೂ ಬಿಡಿಸಿ ಕೋಷ್ಟಕ ಮಾಡಿಟ್ಟಿವೆ, ಅಲ್ಲಿ ಅಂದಾಜಿಗೆ ಜಾಗವಿಲ್ಲ. ಆ ಲೆಕ್ಕದಲ್ಲಿ 63ರ ನಂತರವೂ ಡ್ರಾ. ಮನುಷ್ಯರ ಲೆಕ್ಕದಲ್ಲಿ ಮಾತ್ರ 63 ದೊಡ್ಡ ನಷ್ಟ. ಅದಕ್ಕೂ ಮುಂಚೆ ನಿಮ್ಮ ಬಳಿ ಯೋಚಿಸದೆ ಆಡಬಹುದಾದ ಹತ್ತು ಒಳ್ಳೆಯ ನಡೆಗಳಿದ್ದವು. ಆ ಮೇಲೆ ಪ್ರತಿ ನಡೆಗೂ ಸರಿಯುತ್ತರ ಒಂದೋ ಎರಡೋ. ಸೊನ್ನೆ ಎಂಬ ಅಂಕಿ ರಕ್ಷಣೆ ಎಷ್ಟು ಕಷ್ಟ ಎಂಬುದನ್ನು ಹೇಳುವುದಿಲ್ಲ. ಕಂಪ್ಯೂಟರಿನ ಅಂಕಿಯನ್ನು ಓದುವಾಗ ನಮ್ಮ ಮಟ್ಟದವರು ಇದನ್ನು ಮರೆಯುವುದರಿಂದಲೇ ತಪ್ಪು ಜಾಗದಲ್ಲಿ ಪಾಠ ಹುಡುಕುತ್ತಾರೆ.

64ರಲ್ಲಿ ನೀವು ಆನೆಯನ್ನು ಇ1ಕ್ಕೆ, ಪದಾತಿಯ ಬೆನ್ನಿಗೆ ತಂದಿರಿ. ಅದ್ಭುತ! ಕಲಿಯದೆ ಕಂಡುಕೊಂಡ ಸರಿಯಾದ ನಡೆ ಅದು. ಬಿಳಿ ರಾಜ ಇ6ಕ್ಕೆ ಬಂದ, ಬಿ8ರಲ್ಲಿ ಚೆಕ್‌ಮೇಟ್ ಬೆದರಿಕೆ. ನಿಮ್ಮ ರಾಜ ಡಿ8ಕ್ಕೆ ಹೋಗಬೇಕೋ ಎಫ್8ಕ್ಕೋ? ಇದೇ ಆ 65ನೇ ನಡೆ. ‘ಜಾಗ ಹೆಚ್ಚಿರುವ ಕಡೆ ಓಡಿದೆ’ ಎಂದು ಬರೆದಿದ್ದೀರಿ, ಡಿ8ಕ್ಕೆ ಹೋದಿರಿ. ಬಿ8ರಲ್ಲಿ ಚೆಕ್, ರಾಜ ಸಿ7, ಬಿಳಿ ಆನೆ ಇ8ಕ್ಕೆ. ಇನ್ನು ಪದಾತಿಯನ್ನು ತಡೆಯುವವರಿಲ್ಲ.

ಎಫ್8ಕ್ಕೆ ಹೋಗಿದ್ದರೆ? ಬಿ8ರಲ್ಲಿ ಚೆಕ್, ರಾಜ ಜಿ7, ಬಿಳಿ ಆನೆ ಇ8ಕ್ಕೆ, ಈಗ ನಿಮ್ಮ ಆನೆ ಇ1ರಿಂದ ಎ1ಕ್ಕೆ. ಅಲ್ಲಿಂದ ಎ6, ಎ7, ಎ8ಗಳಲ್ಲಿ ಪಕ್ಕದಿಂದ ಚೆಕ್ ಕೊಡುತ್ತ ಹೋಗಬಹುದು. ಬಿಳಿ ಆನೆ ಡಿ8ಕ್ಕೆ ಸರಿದರೆ ನಿಮ್ಮದು ಮತ್ತೆ ಇ1ಕ್ಕೆ. ಡ್ರಾ. ಕಾರಣ ಸರಳ. ಇ ಸಾಲಿನ ಪದಾತಿಯ ಒಂದು ಕಡೆ ಎ, ಬಿ, ಸಿ, ಡಿ ಎಂದು ನಾಲ್ಕು ಉದ್ದಸಾಲುಗಳು. ಇನ್ನೊಂದು ಕಡೆ ಎಫ್, ಜಿ, ಎಚ್ ಎಂದು ಮೂರೇ. ಪಕ್ಕದಿಂದ ಚೆಕ್ ಕೊಡುವ ಆನೆ ಎದುರಾಳಿ ರಾಜನಿಂದ ದೂರವಿರಬೇಕು, ಇಲ್ಲವಾದರೆ ರಾಜ ನಡೆದು ಬಂದು ಅದನ್ನು ಅಟ್ಟುತ್ತಾನೆ. ಆದ್ದರಿಂದ ಅಗಲದ ಕಡೆಯನ್ನು ಆನೆಗೆ ಬಿಟ್ಟುಕೊಟ್ಟು ರಾಜ ಇಕ್ಕಟ್ಟಿನ ಕಡೆ ಹೋಗಬೇಕು. ನಮ್ಮ ಸಹಜ ಬುದ್ಧಿ ತದ್ವಿರುದ್ಧ ಹೇಳುತ್ತದೆ. ಗಡಿಯಾರದಲ್ಲಿ ಒಂದೂವರೆ ನಿಮಿಷ ಉಳಿದಿರುವಾಗ ಇದನ್ನು ಯಾವ ವಯಸ್ಸಿನವರೂ ಕಂಡುಹಿಡಿಯುವುದಿಲ್ಲ. ಮೊದಲೇ ಗೊತ್ತಿರಬೇಕು.

ಹುಡುಗನಿಗೆ ಗೊತ್ತಿತ್ತು ಎಂದು ನನ್ನ ಊಹೆ. ತರಬೇತಿಗೆ ಹೋಗುವ ಮಕ್ಕಳಿಗೆ ಈ ಸ್ಥಿತಿಗಳನ್ನು ಬೇಗ ಹೇಳಿಕೊಡುತ್ತಾರೆ. ಮೊಬೈಲಿನಲ್ಲಿ ಆಡಿ ಬೆಳೆದ ವಯಸ್ಕರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನೀವು ವಯಸ್ಸಿನ ಅಂತರ ಎಂದುಕೊಂಡಿರುವುದು ಬಹುಪಾಲು ಈ ಅಂತರ. ದಣಿವು ನಿಜ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ದಣಿವು ಎಲ್ಲರದು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೇ, ಕೊನೆಯ ಆಟದಲ್ಲಿ, 32 ವರ್ಷದ ಅಂದಿನ ಚಾಂಪಿಯನ್ ಡಿಂಗ್ ಲಿರೆನ್ ಒಂದು ಪದಾತಿ ಕಡಿಮೆಯಿದ್ದರೂ ಹಿಡಿದು ನಿಲ್ಲಬಹುದಾಗಿದ್ದ ಸ್ಥಿತಿಯಲ್ಲಿದ್ದರು. 55ನೇ ನಡೆಯಲ್ಲಿ ಆನೆಯನ್ನು ಎಫ್2ಕ್ಕೆ ಆಡಿ ಆನೆಗಳ ವಿನಿಮಯಕ್ಕೆ ಒಡ್ಡಿದರು. ಎದುರಾಳಿ ಗುಕೇಶ್ ಆನೆಯನ್ನೂ ಆಮೇಲೆ ಒಂಟೆಯನ್ನೂ ವಿನಿಮಯ ಮಾಡಿಕೊಂಡರೆ ಉಳಿಯುವ, ರಾಜ ಮತ್ತು ಪದಾತಿಗಳಷ್ಟೇ ಇರುವ ಅಂತ್ಯಾಟ (ಆಟದ ಕೊನೆಯ ಘಟ್ಟ) ಸೋಲಿನದ್ದೆಂದು ಡಿಂಗ್ ಅವರಿಗೆ ಆ ಕ್ಷಣ ಹೊಳೆಯಲಿಲ್ಲ. ಕಿರೀಟವೇ ಹೋಯಿತು. ಒತ್ತಡದಲ್ಲಿರುವ ರಕ್ಷಕನಿಗೆ ಆಟವನ್ನು ಬೇಗ ಮುಗಿಸುವ ಆಸೆ ಹುಟ್ಟುತ್ತದೆ. ಡಿಂಗ್ ಆಡಿದ ಎಫ್2ಕ್ಕೂ ನೀವು ಆಡಿದ ಎ1ಕ್ಕೂ ನನಗೆ ಕಾಣುವ ನಂಟು ಅದು.

ಅಂದಹಾಗೆ, ಆನೆ ವಿನಿಮಯದ ಆಸೆ ನಿಮಗೂ ಮುಂದೆ ಬರುತ್ತದೆ. ಪದಾತಿ ಇ5ರಲ್ಲಿದ್ದು ಬಿಳಿ ರಾಜ ಡಿ6, ಇ6, ಎಫ್6ಗಳಲ್ಲಿ ಎಲ್ಲೇ ನಿಂತಿದ್ದರೂ, ಆನೆಗಳು ಹೊರಟುಹೋದರೆ ಸರದಿ ಯಾರದ್ದಾದರೂ ಕಪ್ಪಿಗೆ ಸೋಲು. ರಾಜ ಇನ್ನೂ ಐದನೇ ಸಾಲಿನಲ್ಲೇ ಇದ್ದರೆ, ನಿಮ್ಮ ರಾಜ ಅವನಿಗೆ ಎದುರು ನಿಲ್ಲಬಲ್ಲನಾದರೆ, ಡ್ರಾ. ಇಷ್ಟು ನೋಡದೆ ವಿನಿಮಯ ಮಾಡಬೇಡಿ.

ಆನೆಯ ಅಂತ್ಯಾಟಗಳೆಲ್ಲ ಡ್ರಾ ಎಂಬ ಹಳೆಯ ಚಟಾಕಿಯನ್ನು ನೀವೂ ಕೇಳಿರುತ್ತೀರಿ. ಅದು ರಕ್ಷಣೆ ಗೊತ್ತಿರುವವರ ನಡುವಿನ ಮಾತು. ನಮ್ಮ ಟೂರ್ನಿಗಳಲ್ಲಿ ಡ್ರಾ ಆಗಬೇಕಿದ್ದವು ಸೋಲುತ್ತವೆ, ಗೆಲ್ಲಬೇಕಿದ್ದವು ಡ್ರಾ ಆಗುತ್ತವೆ.

ಹುಡುಗ ಅಷ್ಟು ಹಠ ಹಿಡಿದದ್ದೇಕೆ ಎಂಬುದಕ್ಕೆ ರೇಟಿಂಗ್ ಲೆಕ್ಕದಲ್ಲೂ ಉತ್ತರವಿದೆ. 200 ಅಂಕಗಳ ಅಂತರವಿದ್ದರೆ ಫಿಡೆ ಕೋಷ್ಟಕದ ಪ್ರಕಾರ ಮೇಲಿನವನಿಂದ ನಿರೀಕ್ಷೆ 0.76, ಕೆಳಗಿನವನಿಂದ 0.24. ಮೂವತ್ತು ಆಟ ಮುಗಿಸಿದ ನಿಮ್ಮಂಥ ವಯಸ್ಕರಿಗೆ ಗುಣಕ (ನಿರೀಕ್ಷೆಗೂ ಫಲಿತಾಂಶಕ್ಕೂ ಇರುವ ಅಂತರವನ್ನು ಗುಣಿಸುವ ಸಂಖ್ಯೆ) 20; ಹದಿನೆಂಟರೊಳಗಿನ, 2300ಕ್ಕಿಂತ ಕೆಳಗಿನ ಮಕ್ಕಳಿಗೆ 40. ಡ್ರಾ ಆಗಿದ್ದರೆ ನಿಮಗೆ 5.2 ಸೇರುತ್ತಿತ್ತು, ಅವನಿಗೆ 10.4 ಹೋಗುತ್ತಿತ್ತು. ಸೋತಿದ್ದರಿಂದ ನಿಮಗೆ ಹೋದದ್ದು 4.8, ಅವನಿಗೆ ಬಂದದ್ದು 9.6. ಒಂದು ಡ್ರಾ ಅವನಿಗೆ ನಿಮಗಿಂತ ಬಹಳ ದುಬಾರಿ. ನೀವು ಕಳೆದುಕೊಂಡದ್ದೋ, ಐದಕ್ಕಿಂತ ಕಡಿಮೆ. ಪತ್ರದ ಧಾಟಿ ನೋಡಿದರೆ ನೂರು ಹೋದಂತಿದೆ.

ಈಗ ಮುಂದೇನು ಎಂಬುದು. ಬ್ಲಿಟ್ಜ್‌ಗೆ ಸೀಮಿತವಾಗುವುದು ಒಂದು ದಾರಿ, ಅದರಲ್ಲಿ ಅವಮಾನವೇನೂ ಇಲ್ಲ. ಸಂಜೆ ಅರ್ಧ ತಾಸು ಸಂತೋಷವಾಗಿ ಕಳೆಯುತ್ತದೆ. ಆದರೆ ಅದು ಈ ಕಾಯಿಲೆಗೆ ಔಷಧವಲ್ಲ, ಕಾಯಿಲೆ ಬಂದದ್ದೇ ಅಲ್ಲಿಂದ. ಮೊಬೈಲಿನಲ್ಲಿ ಕಾಯಿ ಮುಟ್ಟಿದರೆ ಆಡಲೇಬೇಕು ಎಂಬುದಿಲ್ಲ, ಬರೆಯುವುದಿಲ್ಲ, ಡ್ರಾ ಕೇಳುವ ಕೆಲಸ ಯಂತ್ರದ್ದು, ಅಂತ್ಯಾಟ ಬರುವ ಹೊತ್ತಿಗೆ ಇಬ್ಬರಿಗೂ ಸೆಕೆಂಡುಗಳು ಉಳಿದಿರುತ್ತವೆ. ಅಲ್ಲಿ ಪಳಗಿದ ಕೈ ದೀರ್ಘ ಆಟದಲ್ಲೂ ಹಾಗೆಯೇ ಆಡುತ್ತದೆ. ದೀರ್ಘ ಆಟ ಬೇಕೆನಿಸಿದರೆ ಬ್ಲಿಟ್ಜ್ ಕಡಿಮೆ ಮಾಡಿ, ಆಡಿದರೆ ಹತ್ತು ಸೆಕೆಂಡಿನ ಸೇರ್ಪಡೆಯಾದರೂ ಇರುವ, ಅದಕ್ಕಿಂತ ನಿಧಾನದ ರ್‍ಯಾಪಿಡ್ ಆಡಿ.

ಬಹುಪಾಲು ವಯಸ್ಕರು ಹಿಡಿಯುವ ಎರಡನೇ ದಾರಿ ಇನ್ನಷ್ಟು ಓಪನಿಂಗ್ ಓದುವುದು. ನಿಮ್ಮ ಸ್ಕೋರ್‌ಶೀಟಿನ ಅಂಚಿನಲ್ಲಿ ನೀವು ಬರೆದುಕೊಂಡಿರುವ ಸಮಯ ನೋಡಿದೆ. ಮೊದಲ ಹದಿನೆಂಟು ನಡೆಗಳಿಗೆ ಒಂದು ತಾಸು ಖರ್ಚು ಮಾಡಿದ್ದೀರಿ, ಓದಿದ ಸಾಲನ್ನು ನೆನಪಿಸಿಕೊಳ್ಳುತ್ತ. 90 ನಿಮಿಷ ಮತ್ತು 30 ಸೆಕೆಂಡಿನ ಆಟದಲ್ಲಿ ಅರವತ್ತು ನಡೆಗೆ ಒಬ್ಬರಿಗೆ ಸಿಗುವುದು ಒಟ್ಟು ಎರಡು ತಾಸು. ಅರ್ಧ ಅಲ್ಲೇ ಮುಗಿಯಿತು. 34ರಲ್ಲಿ ಪದಾತಿ ಹೋದದ್ದೂ ಸಮಯದ ಒತ್ತಡದಲ್ಲೇ. ಎರಡು ನಡೆಯ ಸರಳ ತಂತ್ರ ಅದು, ನಿಮಗೆ ಕಾಣದ್ದೇನೂ ಅಲ್ಲ. ಇಪ್ಪತ್ತನೇ ನಡೆಯಲ್ಲಿ ಐವತ್ತು ನಿಮಿಷ, ನಲವತ್ತರಲ್ಲಿ ಇಪ್ಪತ್ತು ನಿಮಿಷ ಉಳಿದಿರಲಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಇದರ ಅಪಾಯವೂ ಗೊತ್ತಿರಲಿ. ಗಡಿಯಾರಕ್ಕೆ ಹೆದರಿ ಹದಿನೈದನೇ ನಡೆಯ ನಿಜವಾದ ಗಂಡಾಂತರದಲ್ಲೂ ಅವಸರ ಮಾಡುವವರಿದ್ದಾರೆ. ಒಂದು ಆಟದಲ್ಲಿ ಎರಡು ಸಲ ಹತ್ತು ನಿಮಿಷ ಯೋಚಿಸುವ ಹಕ್ಕು ನಿಮಗಿದೆ, ಪ್ರತಿ ನಡೆಗೂ ನಾಲ್ಕು ನಿಮಿಷ ಕೊಡುವ ಐಷಾರಾಮ ಇಲ್ಲ.

ನಾನು ಒತ್ತಿ ಹೇಳುವುದು ಮೂರನೆಯದನ್ನು. ಕೆಲವೇ ಕೆಲವು ಅಂತ್ಯಾಟದ ಸ್ಥಿತಿಗಳನ್ನು ಕೈಗೆ ಕಲಿಸಿ. ಈ ಆಟದ ಎರಡು ಈಗಾಗಲೇ ನಿಮ್ಮವು: ಆರನೇ ಸಾಲಿನ ಬೇಲಿ, ಇಕ್ಕಟ್ಟಿನ ಕಡೆಯ ರಾಜ. ಇದಕ್ಕೆ ಗೆಲ್ಲುವವನ ಪಾಠವೊಂದನ್ನು ಸೇರಿಸಿ: ಪದಾತಿ ಏಳನೇ ಸಾಲಿನಲ್ಲಿ, ಅದರ ಮುಂದೆ ಸ್ವಂತ ರಾಜ, ಎದುರಾಳಿ ರಾಜನನ್ನು ಒಂದು ಸಾಲಿನಾಚೆ ತಡೆದು ನಿಂತ ಆನೆ. ಆನೆಯನ್ನು ನಾಲ್ಕನೇ ಸಾಲಿಗೆ ತಂದು ಚೆಕ್ಕುಗಳಿಗೆ ಅಡ್ಡ ನಿಲ್ಲಿಸಿ ಗೆಲ್ಲುವ ಆ ಕ್ರಮಕ್ಕೆ ಲುಸೆನಾ ಎಂಬ ಸ್ಪೇನಿನವನ ಹೆಸರಿದೆ. ಅವನ 1497ರ ಪುಸ್ತಕದಲ್ಲಿ ಆ ಸ್ಥಿತಿ ಇಲ್ಲವೇ ಇಲ್ಲ, 1634ರಲ್ಲಿ ಇಟಲಿಯ ಸಾಲ್ವಿಯೋ ಅದನ್ನು ಪ್ರಕಟಿಸಿದ್ದು. ಹೆಸರು ಮಾತ್ರ ಅಂಟಿಕೊಂಡಿತು. ಜತೆಗೆ, ಆನೆಯನ್ನು ಕೊನೆಯ ಸಾಲಿನಲ್ಲಿ ಸುಮ್ಮನೆ ಕೂರಿಸುವ ಜಡ ರಕ್ಷಣೆ ಎದುರಾಳಿಗೆ ಎ, ಬಿ, ಜಿ, ಎಚ್ ಸಾಲಿನ ಪದಾತಿ ಇದ್ದಾಗ ನಿಲ್ಲುತ್ತದೆ, ನಡುವಿನ ನಾಲ್ಕು ಸಾಲುಗಳ ಪದಾತಿಯೆದುರು ಮುರಿಯುತ್ತದೆ ಎಂಬುದನ್ನೂ ನೆನಪಿಡಿ. ಓದಿ ಬಿಟ್ಟರೆ ಪ್ರಯೋಜನವಿಲ್ಲ. ಕಂಪ್ಯೂಟರಿನ ಎದುರು, ಗಡಿಯಾರದಲ್ಲಿ ಎರಡು ನಿಮಿಷ ಇಟ್ಟುಕೊಂಡು, ಎರಡೂ ಬಣ್ಣಗಳಿಂದ ಆಡಿ. ಪ್ರತಿ ಸಲ ಪದಾತಿಯನ್ನು ಬೇರೆ ಬೇರೆ ಉದ್ದಸಾಲಿಗೆ ಬದಲಿಸಿ, ಇಲ್ಲವಾದರೆ ಬಾಯಿಪಾಠವಾಗುತ್ತದೆ. ಈ ದಾರಿಗೂ ಒಂದು ಬೆಲೆಯಿದೆ. ಅಂತ್ಯಾಟ ಕಲಿತವರು ಕೆಲಕಾಲ ಎಲ್ಲವನ್ನೂ ವಿನಿಮಯ ಮಾಡಿ ಅಂತ್ಯಾಟಕ್ಕೆ ಓಡುತ್ತಾರೆ, ಒಳ್ಳೆಯ ದಾಳಿಗಳನ್ನು ಕೈಬಿಡುತ್ತಾರೆ. ಒಂದೆರಡು ಟೂರ್ನಿ ಹಾಗಾದೀತು.

ವಯಸ್ಸಿನ ಬಗ್ಗೆ ಒಂದೇ ಮಾತು. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್, ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ಆ ಪದವಿ ಪಡೆದದ್ದು 2017ರಲ್ಲಿ, ಮೂವತ್ತೈದರ ಆಸುಪಾಸಿನಲ್ಲಿ, ರೈಲ್ವೆ ನೌಕರಿಯಲ್ಲಿ ಇದ್ದುಕೊಂಡೇ. ನಿಮಗೂ ನನಗೂ ಆ ಎತ್ತರ ಬೇಡ. 1560ರಿಂದ 1700ಕ್ಕೆ ಹೋಗಲು ನಲವತ್ತಮೂರು ಅಡ್ಡಿಯಲ್ಲ.

ಮುಂದಿನ ಟೂರ್ನಿ 1800ಕ್ಕಿಂತ ಕೆಳಗಿನವರದ್ದೋ, ಮುಕ್ತ ವಿಭಾಗದ್ದೋ ಎಂದು ಪತ್ರದ ಕೊನೆಗೆ ಕೇಳಿದ್ದೀರಿ. ಕೆಳಗಿನ ವಿಭಾಗದಲ್ಲಿ ರೇಟಿಂಗಿಗಿಂತ ಬಲವಾಗಿ ಆಡುವ ಮಕ್ಕಳೇ ತುಂಬಿರುತ್ತಾರೆ, ಅಂಕ ಹೋಗುವ ಸಾಧ್ಯತೆ ಅಲ್ಲಿ ಹೆಚ್ಚು. ಮುಕ್ತ ವಿಭಾಗದಲ್ಲಿ ಮೊದಲ ಸುತ್ತಿಗೇ ನಿಮಗಿಂತ ಬಹಳ ಮೇಲಿನವರು ಸಿಕ್ಕಿ ಇಪ್ಪತ್ತೈದು ನಡೆಗಳಲ್ಲಿ ಮುಗಿದುಹೋಗಬಹುದು, ಅಂತ್ಯಾಟದ ಅಭ್ಯಾಸ ಆಗುವುದೇ ಇಲ್ಲ. ಸದ್ಯಕ್ಕೆ ಕೆಳಗಿನ ವಿಭಾಗವೇ ನಿಮಗೆ ತಕ್ಕದ್ದು. ದಿನಕ್ಕೆ ಎರಡು ಸುತ್ತಿಗಿಂತ ಹೆಚ್ಚಿಲ್ಲದ ಟೂರ್ನಿ ಆರಿಸಿ. ಮಧ್ಯಾಹ್ನದ ಸುತ್ತಿಗೆ ಮುಂಚೆ ಬೆಳಗಿನ ಆಟವನ್ನು ಕಂಪ್ಯೂಟರಿಗೆ ಹಾಕಬೇಡಿ. ಸ್ಕೋರ್‌ಶೀಟಿನಲ್ಲಿ ಆನೆಗಳು ಓಡಾಡತೊಡಗಿದ ಮೇಲೆ, ನಿಮ್ಮ ನಡೆಯ ನಂತರದ ಸ್ಥಿತಿಯನ್ನೂ ಎದುರಾಳಿಯ ನಡೆಯ ನಂತರದ ಸ್ಥಿತಿಯನ್ನೂ ಬೇರೆ ಬೇರೆಯಾಗಿ ಎಣಿಸಿ.